ಶಹಜಾದಿಯ ಕಾವಲಿಗೆ ಎಂಟು ಕ್ಯಾಮೆರಾ

ಹೈದರಾಬಾದಿನ ಶಾಲಿಬಂಡಾದಲ್ಲಿ ಮುಕರ್ರಮ್ ಅಲಿ ಸಾಹೇಬರಷ್ಟು ಕೆಲಸವಿರುವ ಮನುಷ್ಯ ಇನ್ನೊಬ್ಬರಿಲ್ಲ. ಬೆಳಿಗ್ಗೆ ಪಾರಿವಾಳ ಹಾರಿಸಬೇಕು. ಸಂಜೆ ಚಾವಣಿಯ ಮೇಲೆ ನಿಂತು ಸಿಳ್ಳೆ ಹಾಕಿ ಇಳಿಸಬೇಕು. ನಡುವೆ ಚಹಾ ಕುಡಿಯುತ್ತ, ಹಾರಿದ್ದು ಇಳಿದದ್ದು ಎಲ್ಲ ಮಾತಾಡಬೇಕು. ಕೆಳಗಿನ ಮೂರು ಅಂಗಡಿಗಳ ಬಾಡಿಗೆ ಬರುವುದರಿಂದ ಈ ದುಡಿಮೆಗೆ ಅಡ್ಡಿಯಿಲ್ಲ.

ಅವರ ಮನೆಯ ಕರೆಂಟು, ಡಿಶ್ಶು, ಗೀಜರು ಎಲ್ಲ ನನ್ನ ಕೈಯದೇ. ಯಾದಗಿರಿಯಿಂದ ಬಂದವನು ಮೂವತ್ತು ವರ್ಷದಿಂದ ಆ ಗಲ್ಲಿಯಲ್ಲೇ ವೈರು ಎಳೆಯುತ್ತಿದ್ದೇನೆ.

ಅಲ್ಲಿನ ಚಾವಣಿಗಳಿಗೆ ಒಂದು ಕಾನೂನಿದೆ. ಯಾರ ಚಾವಣಿಗೆ ಹಕ್ಕಿ ತಾನಾಗಿ ಇಳಿಯಿತೋ ಹಕ್ಕಿ ಅವನದು. ಬೇಕಿದ್ದರೆ ಅವನು ಕೇಳಿದ್ದು ಕೊಟ್ಟು ಬಿಡಿಸಿಕೊಳ್ಳಬೇಕು. ಕಾಳು ಚೆಲ್ಲಿ ಕರೆದರೆ, ಬಲೆ ಬೀಸಿದರೆ ಮಾತ್ರ ಕಳ್ಳತನ. ಪೊಲೀಸರ ಕಾನೂನು ಮುರಿದವರನ್ನು ಆ ಗಲ್ಲಿಯಲ್ಲಿ ಕಂಡಿದ್ದೇನೆ, ಇದನ್ನು ಮುರಿದವರನ್ನು ಕಂಡಿಲ್ಲ.

ಒಂದು ವರ್ಷ ಸಾಹೇಬರ ಎರಡು ಹಕ್ಕಿ ಪಕ್ಕದ ಅವದ್ ಬಾವಜೀರರ ಚಾವಣಿಗೆ ಇಳಿದವು. ಬಾವಜೀರರು ಅರಬ್ಬರ ವಂಶದವರು, ಅತ್ತರಿನ ವ್ಯಾಪಾರಿ, ಸಾಧು ಮನುಷ್ಯ. ಸಾಹೇಬರಿಗೆ ಅವರ ಸಾಧುತನದ ಮೇಲೆಯೇ ಅನುಮಾನ.

"ಮೋನಪ್ಪಾ, ಅವ ಕಾಳಿಗೆ ತುಪ್ಪ ಹಚ್ಚಿ ಕರೀಲಿಕತ್ತಾನ. ಇವತ್ತು ಎರಡು ಹೋದವು, ನಾಳೆ ಶಹಜಾದಿ," ಎಂದು ನನಗೆ ಅಂದರು.

ಶಹಜಾದಿ ಅಂದರೆ ಬಿಳಿ ಮೈಯ, ಕಪ್ಪು ಬಾಲದ ಹೆಣ್ಣು. ಸಾಹೇಬರ ತಂದೆ ಸಾಕಿದ ತಳಿಯಲ್ಲಿ ಉಳಿದದ್ದು ಅದೊಂದೇ. ಅದರ ಹೆಸರು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಅಷ್ಟು ಮಾತ್ರ ತಮಾಷೆಯಲ್ಲ.

ಅವರ ಅಪ್ಪಣೆಯಂತೆ, ಪಕ್ಕದ ಚಾವಣಿಯೂ ಕಾಣುವ ಹಾಗೆ, ಚಾವಣಿಯ ಸುತ್ತ ನಾನು ಎಂಟು ಕ್ಯಾಮೆರಾ ಕಟ್ಟಿದೆ. ಅವು ಕಂಡದ್ದನ್ನು ಬರೆದಿಡಲು ಕಂಪ್ಯೂಟರು ಬೇಕಲ್ಲ, ಸಿಕಂದರಾಬಾದಿಗೆ ಹೋದೆವು. ಅಂಗಡಿಯ ರಾಜೇಶಂ ಒಂದು ಸಣ್ಣ ಕರಿ ಡಬ್ಬಿ ತೋರಿಸಿದ.

"ಎಂಟು ಕ್ಯಾಮೆರಾಕ್ಕ ಇದು ಸಾಕ್ರಿ ಸಾಬ್. ಕರೆಂಟೂ ಕಮ್ಮಿ ತಿಂತದ."

"ಏನ್ ಮಿಯಾ, ಊಟದ ಡಬ್ಬಿ ಕೊಡ್ಲಿಕತ್ತೀಯಾ? ಇದರ ಖಾನ್ದಾನ ಯಾವುದು?"

ರಾಜೇಶಂ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ವ್ಯಾಪಾರಿ ಅಲ್ಲವೇ, ಗಿರಾಕಿ ಎಂಥವನೆಂದು ಅವನಿಗೆ ತಿಳಿದುಹೋಯಿತು.

"ಖಾನ್ದಾನ ಬೇಕಂದ್ರ ಈ ಪ್ರೊಸೆಸರ್ ನೋಡ್ರಿ. ಹನ್ನೆರಡನೇ ಪೀಳಿಗೆದ್ದು."

"ಹನ್ನೆರಡು! ನಮ್ಮ ನಿಜಾಮರದೇ ಏಳಕ್ಕ ಮುಗೀತಲ್ಲೋ!" ಸಾಹೇಬರು ಅದನ್ನು ಎತ್ತಿಟ್ಟುಕೊಂಡರು.

ರ‍್ಯಾಮು ಒಂದೇ ಕೊಟ್ಟಾಗ ಒಪ್ಪಲಿಲ್ಲ. "ಜೋಡಿ ಇಲ್ದ ಯಾವುದೂ ನಿಲ್ಲಂಗಿಲ್ಲ. ಇನ್ನೊಂದು ತಾ." ರ‍್ಯಾಮು ನಿಜಕ್ಕೂ ಜೋಡಿಯಲ್ಲೇ ಚೆನ್ನಾಗಿ ನಡೆಯುತ್ತದೆ. ದೊಡ್ಡವರು ತಪ್ಪು ದಾರಿ ಹಿಡಿದರೂ ಊರು ತಲುಪುತ್ತಾರೆ.

ಆಮೇಲೆ ಡಿಸ್ಕು. ದೊಡ್ಡ ಹಾರ್ಡ್ ಡಿಸ್ಕನ್ನು ಅಂಗೈಯಲ್ಲಿ ತೂಗಿ ನೋಡಿದರು. "ಮೈ ಭಾರ ಅದ. ಇದು ಹಾರೋ ಜಾತಿ ಅಲ್ಲ." ಹಗುರವಾದ ಚಿಕ್ಕದನ್ನು ಆರಿಸಿದರು.

ನಾನು ಬಾಯಿ ಬಿಟ್ಟೆ. "ಸಾಬ್, ಇದು ಹಾರೂದು ಬ್ಯಾಡ್ರಿ. ಹಗಲೂ ರಾತ್ರಿ ಕೂತು ಬರೀಬೇಕು. ಭಾರದ್ದೇ ಇರ್ಲಿ."

"ಮೋನಪ್ಪಾ, ನೀ ಎಷ್ಟು ಪಾರಿವಾಳ ಸಾಕೀದಿ?"

"ಒಂದೂ ಇಲ್ರಿ."

"ಮತ್ತ?"

ನಾನು ಹಗುರದ್ದನ್ನೇ ಚೀಲಕ್ಕೆ ಹಾಕಿದೆ. ಕೊನೆಗೆ ಗಾಜಿನ ಪೆಟ್ಟಿಗೆಯೊಂದನ್ನು ಕೊಂಡರು. ಒಳಗೆ ಕೆಂಪು, ಹಸಿರು, ನೀಲಿ ಬೆಳಗುವ ಫ್ಯಾನುಗಳು. "ಕಣ್ಣು ನೋಡು, ಕಣ್ಣು!" ಎಂದರು.

ಮನೆಯಲ್ಲಿ ಅದರ ದೀಪಗಳು ಹೊತ್ತಿಕೊಂಡಾಗ ಅವರ ಹೆಂಡತಿ ಜಕಿಯಾ ಬೇಗಂ ಬಾಗಿಲಲ್ಲಿ ನಿಂತರು. "ಯಾರ ಮದುವೀರಿ? ನನಗ ಹೇಳೇ ಇಲ್ಲ."

ಏನಾದರೂ ಅಲುಗಾಡಿದರೆ ಮಾತ್ರ ಬರೆದುಕೊಳ್ಳುವಂತೆ ಕ್ಯಾಮೆರಾ ಹೊಂದಿಸಿದ್ದೆ. ಪಾರಿವಾಳದ ಚಾವಣಿಯಲ್ಲಿ ಅಲುಗಾಡದೆ ಇರುವುದು ನೀರಿನ ತೊಟ್ಟಿ ಒಂದೇ. ಹಗುರ ಡಿಸ್ಕು ಒಂದು ದಿನಕ್ಕೇ ತುಂಬಿ, ಹಳೆಯದನ್ನು ಅಳಿಸತೊಡಗಿತು. ಸಾಹೇಬರು ಭಾರದ್ದನ್ನು ತರಿಸಿದರು. "ನಾ ಅವತ್ತೇ ಹೇಳಿದ್ದೆ, ರಾಜೇಶಂ ಕೇಳ್ಲಿಲ್ಲ" ಎಂದರು. ನಾನು ಹೌದೆಂದೆ.

ಅಷ್ಟು ಒಳ್ಳೆಯ ಯಂತ್ರ ತಂದು ನೋಡದೆ ಇರಲಾಗುತ್ತದೆಯೇ? ಯಂತ್ರ ಬಿಸಿಯಾಗಬಾರದೆಂದು ಏಸಿ ಹಾಕಿ, ಬಾಗಿಲು ಮುಚ್ಚಿ, ಎಂಟು ಚೌಕದ ಪರದೆಯ ಮುಂದೆ ಕೂತರು. ಹಕ್ಕಿ ಹಾರಿಸುವ ಕೆಲಸ ಬೆಳಿಗ್ಗೆ ಮಾತ್ರ ಬರುವ ಆಳಿಗೆ ಹೋಯಿತು. ಚಹಾ ಒಳಗೇ ಬಂತು.

ಹದಿನೈದು ದಿನದೊಳಗೆ ಶಹಜಾದಿ ಬಾವಜೀರರ ಚಾವಣಿಗೆ ಇಳಿಯಿತು.

ಸಾಹೇಬರು ಅಳುತ್ತಿದ್ದಾರೇನೋ ಎಂದು ಹೆದರಿ ಓಡಿದೆ. ಕುಣಿಯುತ್ತಿದ್ದರು. "ಸಿಕ್ಕಬಿದ್ದ ಮೋನಪ್ಪಾ! ಎಂಟು ಕಡಿಂದ ಸಿಕ್ಕಬಿದ್ದ!" ಕೂತು ಪೂರಾ ನೋಡುವಷ್ಟು ತಾಳ್ಮೆ ಇರಲಿಲ್ಲ. ಅವತ್ತೇ ಬಾವಜೀರರನ್ನೂ, ಪಾರಿವಾಳದವರಿಗೆಲ್ಲ ಹಿರಿಯರಾದ ಚುನ್ನೂ ಉಸ್ತಾದರನ್ನೂ ಕರೆಸಿದರು.

ನಾನು ರೆಕಾರ್ಡು ಹಚ್ಚಿದೆ. ಚಿತ್ರ ಕನ್ನಡಿಯ ಹಾಗಿತ್ತು. ಹನ್ನೆರಡು ಪೀಳಿಗೆ ಸುಮ್ಮನೆ ಅಲ್ಲ.

ಪರದೆಯಲ್ಲಿ ಬಾವಜೀರರು ಬೆನ್ನು ತಿರುಗಿಸಿ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಕಾಳಿಲ್ಲ, ಬಲೆಯಿಲ್ಲ. ಇನ್ನೊಂದು ಚೌಕದಲ್ಲಿ ನಮ್ಮ ಚಾವಣಿ, ಖಾಲಿ. ಶಹಜಾದಿ ಅದರ ಮೇಲೆ ಒಂದು ಸುತ್ತು ಬಂತು. ಮತ್ತೊಂದು ಸುತ್ತು. ಕೆಳಗಿಳಿದು, ಯಾರೂ ಇಲ್ಲದ್ದು ಕಂಡು ಮತ್ತೆ ಮೇಲೇರಿತು. ದಣಿದು ಪಕ್ಕದ ಚಾವಣಿಯಲ್ಲಿ ಕೂತಿತು. ಬಾವಜೀರರಿಗೆ ಅದು ಕಂಡದ್ದು ಬಿಸ್ಕತ್ತು ಮುಗಿದ ಮೇಲೆ.

"ಮುಕರ್ರಮ್ ಮಿಯಾ," ಚುನ್ನೂ ಉಸ್ತಾದರು ಕೇಳಿದರು, "ಹಕ್ಕಿ ಇಷ್ಟು ಹುಡುಕ್ಲಿಕತ್ತದ. ನೀವೆಲ್ಲಿ?"

"ಇಲ್ಲೇ ಇದ್ದೆ ಉಸ್ತಾದ್! ಸಿಳ್ಳೆ ಹಾಕೀನಿ! ಅಬ್ಬಾನ ಆಣೆ, ಹಾಕೀನಿ!"

"ಹಾಕ್ಯಾರ್ರೀ," ಬಾಗಿಲ ಪರದೆಯ ಹಿಂದಿನಿಂದ ಜಕಿಯಾ ಬೇಗಂ ಅಂದರು. "ನಾ ಕೇಳೀನಿ. ಬಾಗಿಲು ಮುಚ್ಚಿ, ಟಿವಿಗೆ ಹಾಕ್ಯಾರ."

ಯಾರೂ ನಗಲಿಲ್ಲ. ಸಾಹೇಬರ ಮುಖ ಹಾಗಿತ್ತು. ಪೆಟ್ಟಿಗೆಯ ಫ್ಯಾನು ಕೆಂಪಾಯಿತು, ಹಸಿರಾಯಿತು.

"ಅವದ್ ಭಾಯಿ," ಸಾಹೇಬರು ಮೆಲ್ಲಗೆ ಅಂದರು, "ಕೇಳ್ರಿ. ಏನ್ ಕೊಡ್ಬೇಕು?"

ಬಾವಜೀರರು ಸಂಕೋಚದಿಂದ ಗಾಜಿನ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. "ಬಣ್ಣ ಭಾಳ ಚೆಂದ ಅದರಿ."

ಸಾಹೇಬರು ಒಂದು ಗಳಿಗೆಯೂ ಯೋಚಿಸಲಿಲ್ಲ. "ಕ್ಯಾಮೆರಾನೂ ಒಯ್ರಿ."

ಎಂಟೂ ಬಿಚ್ಚಿ ಪಕ್ಕದ ಮನೆಗೆ ಕಟ್ಟಿದೆ. ನನಗೆ ಎರಡು ಸಲ ಕೆಲಸವಾಯಿತು. ಆ ಪೆಟ್ಟಿಗೆಯಿಂದ ಹೊಟ್ಟೆ ತುಂಬಿದವನು ನಾನೊಬ್ಬನೇ.

ಈಗ ಸಂಜೆಯಾದರೆ ಬಾವಜೀರರ ಏಸಿ ಗುಂಯ್‌ಗುಡುತ್ತದೆ, ಬಾಗಿಲು ಮುಚ್ಚಿರುತ್ತದೆ. ಮುಕರ್ರಮ್ ಸಾಹೇಬರು ಚಾವಣಿಯ ಮೇಲಿರುತ್ತಾರೆ. ಮೊನ್ನೆ ಆಂಟೆನಾ ನೋಡಲು ಹತ್ತಿದಾಗ ಶಹಜಾದಿ ಅವರ ಕೈಮೇಲಿತ್ತು. ಪಕ್ಕದಲ್ಲಿ ಬಾವಜೀರರ ಎರಡು ಹಕ್ಕಿ ಕಾಳು ತಿನ್ನುತ್ತಿದ್ದವು.

"ಅವು ತಾವೇ ಇಳಿದಾವ," ನಾನು ಕೇಳುವ ಮೊದಲೇ ಅಂದರು. ಆಮೇಲೆ, "ಆ ಪೆಟ್ಟಿಗಿ ಹ್ಯಾಂಗ ನಡೀಲಿಕತ್ತದ?"

"ಭಾಳ ಛಲೋ ನಡೀಲಿಕತ್ತದರಿ."

"ನಡೀಲೇಬೇಕು. ಆರಿಸಿದವರು ಯಾರು?" ಎಂದು ಆಕಾಶದ ಕಡೆ ಮುಖ ಮಾಡಿ ಸಿಳ್ಳೆ ಹಾಕಿದರು.