ಬದಲಾಗದ ಪಾಠ

ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು. ಹಾಲು ಕಾಯಿಸುವುದು. ಬೇಳೆ ಬೇಯಲಿಟ್ಟು ತರಕಾರಿ ಹೆಚ್ಚುವುದು. ಗಂಡ ಸಿದ್ದಲಿಂಗಸ್ವಾಮಿಯವರ ಪೂಜೆಗೆ ಪತ್ರೆ ಬಿಡಿಸಿ, ವಿಭೂತಿ ತಟ್ಟೆ ತೊಳೆದಿಡುವುದು. ನೀರು ಬರುವ ದಿನವಾದರೆ ತೊಟ್ಟಿ ತುಂಬಿಸುವುದು. ಇಷ್ಟೆಲ್ಲ ಮುಗಿದರೂ ಕೃಷ್ಣಮೂರ್ತಿಪುರಂನ ಬೀದಿದೀಪ ಆರಿರುವುದಿಲ್ಲ. ಆಮೇಲೆ ಸಿಗುವ ಅರ್ಧ ಗಂಟೆ ಸರ್ವಮಂಗಳಾ ಅವರದು. ಅಡುಗೆಮನೆಯ ಕಟ್ಟೆಯ ಮೇಲೆಯೇ ಕರಡು ತಿದ್ದುತ್ತಾರೆ.

ಚಂದ್ರಮೌಳಿಯವರ ಪ್ರಕಾಶನದಲ್ಲಿ ಪ್ರಾಥಮಿಕ ಶಾಲೆಯ ಅಭ್ಯಾಸ ಪುಸ್ತಕಗಳ ಕರಡು ನೋಡುತ್ತ ಅವರಿಗೆ ಹತ್ತೊಂಬತ್ತು ವರ್ಷವಾಯಿತು. ಹಿಂದೊಮ್ಮೆ ಪಠ್ಯ ಬದಲಾದಾಗ, ಅಚ್ಚಾಗಿದ್ದ ಪುಸ್ತಕಗಳೆಲ್ಲ ಒಂದೇ ದಿನದಲ್ಲಿ ಹಳತಾದವು. ಬೈಂಡಿಂಗ್ ಹೆಂಗಸರು ಮೂರು ವಾರ ಕೂತು ಹಳೇ ಸಾಲುಗಳ ಮೇಲೆ ಹೊಸ ಚೀಟಿ ಅಂಟಿಸಿದರು. ಅವರಲ್ಲಿ ಹಿರಿಯಳಾದ ಚೆಲುವಮ್ಮ ಅಂದಿದ್ದಳು: "ಬದ್ಲಾಯ್ಸೋರು ಬದ್ಲಾಯ್ಸ್‌ಬುಟ್ಟು ಮನೆಗೋದ್ರು ಕಣಕ್ಕ. ಗೋಂದು ಮಾತ್ರ ನಮ್ಗೆ ಬುಟ್ಟವ್ರೆ."

ಈ ವರ್ಷ ಮತ್ತೆ ಪಠ್ಯ ಬದಲಾಗುವ ಸುದ್ದಿ. ಆದೇಶ ಇನ್ನೂ ಬಂದಿಲ್ಲ. ಬೇರೆಯವರಿಗಿಂತ ಮೊದಲೇ ಎಲ್ಲವನ್ನೂ ಅಚ್ಚು ಹಾಕಿಸಿಬಿಡುವ ಆತುರ ಚಂದ್ರಮೌಳಿಯವರಿಗೆ.

"ಬೇಳೆ ಬೇಯೋಕೆ ಮುಂಚೆ ಹುಳಿ ಹಾಕಿದ್ರೆ ಬೇಳೆ ಬೇಯಲ್ಲ, ಸರ್," ಎಂದರು ಸರ್ವಮಂಗಳಾ.

ಚಂದ್ರಮೌಳಿ ನಕ್ಕರು, ಆದರೆ ಒಪ್ಪಿದರು. ಸರ್ವಮಂಗಳಾ ಎರಡು ಪಟ್ಟಿ ಮಾಡಿದರು. ಯಾವ ಪಠ್ಯ ಬಂದರೂ ಬದಲಾಗದ ಪಾಠಗಳು ಒಂದರಲ್ಲಿ: ಕಾಗುಣಿತ, ಕೂಡುವುದು, ಅಳತೆ. ಬದಲಾಗಬಹುದಾದವು ಇನ್ನೊಂದರಲ್ಲಿ, ಅವು ಆದೇಶ ಬರುವವರೆಗೆ ಕಾಯಬೇಕು. ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ, ಅದರಲ್ಲಿ ನಾಲ್ಕು ಪಾಠ ಹಿಡಿಯುತ್ತವೆ. ಒಂದು ಪಾಠ ನಿಂತರೆ ನಾಲ್ಕೂ ನಿಲ್ಲುತ್ತವೆ. ಆದ್ದರಿಂದ ಎರಡು ಪಟ್ಟಿಯ ಪಾಠಗಳು ಒಂದೇ ಫಾರಂನಲ್ಲಿ ಬೆರೆಯಬಾರದು.

ಎರಡನೇ ತರಗತಿಯ 'ನಮ್ಮ ಮನೆ' ಪಾಠವನ್ನು ಬದಲಾಗದ ಪಟ್ಟಿಗೆ ಹಾಕಿದವರು ಅವರೇ. ಚಂದ್ರಮೌಳಿಯವರೂ ತಲೆದೂಗಿದ್ದರು: "ಮನೆ ಅಂದ್ಮೇಲೆ ಮನೆ ಕಣ್ರೀ. ಅದ್ರಲ್ಲಿ ಬದಲಾಗೋಕೆ ಏನಿದೆ?"

ಆ ಪಾಠವಿರುವ ಫಾರಂ ನಾಳೆ ಬೆಳಿಗ್ಗೆ ಯಂತ್ರಕ್ಕೆ ಹೋಗಬೇಕು. ಈ ಸಲ ತಡವಾದರೆ ಮುಂದಿನ ವರ್ಷದಿಂದ ಕರಡಿನ ಕೆಲಸ ಹೊರಗಿನವರಿಗೆ ಎಂದು ಹೇಳಿಯೇ ಚಂದ್ರಮೌಳಿ ಪ್ರೆಸ್ಸಿಗೆ ಹೊರಟಿದ್ದರು. ಸಂಜೆಯಾಗಿ ಬೈಂಡಿಂಗ್ ಹೆಂಗಸರೂ ಹೋದರು. ಕಚೇರಿಯಲ್ಲಿ ಉಳಿದ ಸರ್ವಮಂಗಳಾ, ಅಚ್ಚಿಗೆ ಒಪ್ಪಿಗೆಯ ಸಹಿ ಹಾಕುವ ಮುನ್ನ ಕರಡನ್ನು ಕೊನೆಯ ಸಲ ಓದಿದರು.

'ಅಪ್ಪ ಪತ್ರಿಕೆ ಓದುತ್ತಾರೆ. ಅಮ್ಮ ಪಾತ್ರೆ ತೊಳೆಯುತ್ತಾಳೆ.'

ಇದೇ ಸಾಲನ್ನು ಹತ್ತೊಂಬತ್ತು ವರ್ಷ ಓದಿದ್ದಾರೆ. ಒಮ್ಮೆ 'ಅಮ್ಮ'ನ ಒತ್ತು ಬಿಟ್ಟುಹೋಗಿದ್ದನ್ನು ಕಂಡುಹಿಡಿದು ಹೊಗಳಿಸಿಕೊಂಡದ್ದೂ ಉಂಟು. 'ತೊಳೆಯುತ್ತಾಳೆ'ಯ ಕೊನೆಯ 'ಳೆ' ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಹೊಡೆದು 'ರೆ' ಎಂದು ಬರೆದರು. ಮತ್ತೆ ಓದಿದರು. ಅಮ್ಮನಿಗೆ ಮರ್ಯಾದೆ ಬಂತು, ಪಾತ್ರೆ ಕೈಬಿಡಲಿಲ್ಲ. ಅವರಿಗೆ ನಗು ಬಂತು.

ಪಕ್ಕದ ಚಿತ್ರದಲ್ಲಿ ಅಮ್ಮ ನಲ್ಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದಳು, ಅಪ್ಪ ಕುರ್ಚಿಯಲ್ಲಿ. ಅಕ್ಷರ ತಿದ್ದಲು ನಿಮಿಷ ಸಾಕು. ಚಿತ್ರಕ್ಕೆ ಒಂದು ವಾರವಾದರೂ ಬೇಕು.

ಚಂದ್ರಮೌಳಿಯವರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಬದಲಾಗದ ಪಟ್ಟಿಯಿಂದ 'ನಮ್ಮ ಮನೆ'ಯನ್ನು ಹೊಡೆದುಹಾಕಿ ಇನ್ನೊಂದು ಪಟ್ಟಿಯ ತುದಿಗೆ ಸೇರಿಸಿದರು. ಕರಡಿನ ತಲೆಗೆ 'ಚಿತ್ರ ಹೊಸದಾಗಿ ಆಗಬೇಕು, ಅಲ್ಲಿಯವರೆಗೆ ಅಚ್ಚು ಬೇಡ' ಎಂದು ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು.