ಪ್ಯಾರಿಸಿನ ಗೋಡೆ, ನನ್ನ ಒದ್ದೆ ಬಟ್ಟೆ

ನಾನು ಮಾಡಿದ ಮಂಗಾಟಕ್ಕೆ ಅಂದೇ ಊರಿನ ವಿಮಾನ ಹತ್ತಿಸಬೇಕಿತ್ತು.

ಮೊಬೈಲಿಗೆ ಕ್ಯಾಮರಾ ಬರುವ ಮುಂಚಿನ ಮಾತು. ಕುವೈತಿನ ಮರಗೆಲಸದ ವರ್ಕ್‌ಶಾಪೊಂದಕ್ಕೆ ಆಚಾರಿಯಾಗಿ ಸೇರಿ ಆರು ತಿಂಗಳೂ ಆಗಿರಲಿಲ್ಲ. ಅಲ್ಲಿನ ಶ್ರೀಮಂತರೊಬ್ಬರು ತಮ್ಮ ದಿವಾನಿಯಾಕ್ಕೆ, ಅಂದರೆ ಬಂದವರನ್ನು ಕೂರಿಸುವ ಕೋಣೆಗೆ, ಪ್ಯಾರಿಸಿನ ಹದಿನೆಂಟನೆಯ ಶತಮಾನದ ಬಂಗಲೆಯೊಂದರ ಗೋಡೆಯ ಹಲಗೆಗಳನ್ನೇ ತರಿಸಿದ್ದರು. ಬಳ್ಳಿ ಕೆತ್ತಿದ ಇಪ್ಪತ್ತನಾಲ್ಕು ಹಲಗೆ, ಎಲ್ಲ ಒಂದೇ ಅಚ್ಚು. ಇನ್ನೂರೈವತ್ತು ವರ್ಷದ ಓಕ್ ಮರ ಸ್ವಾಮಿ! ಪೆಟ್ಟಿಗೆ ಒಡೆದಾಗ ಮೈ ಜುಂ ಎಂದಿತು.

ಮರುದಿನ ಧೂಳುಗಾಳಿ. ಕುವೈತಿನಲ್ಲಿ ಧೂಳು ಎದ್ದಿತೆಂದರೆ ಮುಗಿಯಿತು, ನಮ್ಮ ಕೈ ತಾನಾಗಿ ಒದ್ದೆ ಬಟ್ಟೆ ಹುಡುಕುತ್ತದೆ. ಹಲಗೆಗಳ ಮುಖಕ್ಕೆ ಕಂಬಳಿ ಸುತ್ತಿತ್ತು. ಬೆನ್ನನ್ನೆಲ್ಲ ಶಿಸ್ತಾಗಿ ಒರೆಸಿಟ್ಟೆ.

ನಮ್ಮ ಫೋರ್‌ಮನ್ ಮಂಗಳೂರು ಕಡೆಯ ಬ್ಯಾರಿ. ನೋಡಿದವನೇ ತಲೆ ಮೇಲೆ ಕೈಹೊತ್ತ.

"ಎಂತ ಮಾರಾಯ ಮಾಡಿಟ್ಟದ್ದು! ಹಿಂದೆ ಸೀಮೆಸುಣ್ಣದಲ್ಲಿ ನಂಬರ್ ಬರೆದದ್ದು ಎಲ್ಲಿ? ನಾಳೆ ಇದನ್ನು ಜೋಡಿಸ್ಲಿಕ್ಕೆ ಪ್ಯಾರಿಸಿನಿಂದ ಫ್ರೆಂಚ್ ಮೇಡಂ ಬರ್ತಾರೆ. ಯಾವುದರ ಪಕ್ಕ ಯಾವುದು ಅಂತ ಹೇಳುದು? ಕಫೀಲಿಗೆ ಗೊತ್ತಾದ್ರೆ ನಿನ್ನ ಇಕಾಮಾ ಖಲಾಸ್!"

ಕಫೀಲೆಂದರೆ ವೀಸಾ ಕೊಟ್ಟ ಧಣಿ, ಇಕಾಮಾ ಎಂದರೆ ಅಲ್ಲಿರಲು ಬೇಕಾದ ಪರವಾನಗಿ; ಅದು ಹೋದರೆ ಊರೇ ಗತಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಸಂಕಟದಲ್ಲಿ ಒಂದು ಹಲಗೆಯ ಅಂಚು ಸವರುತ್ತಾ ಕೂತೆ. ಬೆರಳಿಗೆ ಏನೋ ತಡೆಯಿತು. ಉಳಿಯಿಂದ ಹೊಡೆದ ಮೂರು ಗೀಟು.

ನಮ್ಮಪ್ಪ ಬಾಗಿಲ ದಾರಂದ ಬಿಚ್ಚಿ ಸಾಗಿಸುವಾಗ ಹೀಗೇ ಮಾಡುತ್ತಿದ್ದರು. ಕೂಡುವ ಎರಡೂ ಅಂಚಿಗೆ ಒಂದೇ ಲೆಕ್ಕದ ಗೀಟು.

"ಭಾಯಿ, ಓಡಿ ಬಾ! ಇನ್ನೊಂದು ಮೂರು ಗೀಟಿನದ್ದು ಹುಡುಕು, ಯಲ್ಲಾ!" ಎಂದು ಫೋರ್‌ಮನ್ನನ್ನು ಕೂಗಿದೆ.

ಸಿಕ್ಕಿತು! ಆಮೇಲೆ ನಮ್ಮಿಬ್ಬರಿಗೆ ಊಟದ ನೆನಪೂ ಇರಲಿಲ್ಲ. ಸಂಜೆಯೊಳಗೆ ಅಷ್ಟೂ ಹಲಗೆ ಸಾಲಾಗಿ ನಿಂತವು. ಒಂದು ಅಂಚಿನಲ್ಲಿ ಮಾತ್ರ ನಾಲ್ಕು ಗೀಟು ಹೊಡೆದು, ಅಡ್ಡ ಕಡಿದು, ಪಕ್ಕದಲ್ಲಿ ಐದು ಹೊಡೆದಿತ್ತು.

"ಅಯ್ಯೋ ಪುಣ್ಯಾತ್ಮ, ನೀನೂ ತಪ್ಪಿದೆಯಾ!" ಎಂದು ಅದನ್ನು ಕೆತ್ತಿದ ಹಳೆಯ ಆಚಾರಿಗೆ ಕಿರುಚಿಯೇಬಿಟ್ಟೆ. ನನಗೆ ಕಣ್ಣೀರು ಬಂತು, ನಾಚಿಕೆಯೇನಿಲ್ಲ.

ಮರುದಿನ ಮೇಡಂ ಒಳಗೆ ಬರುವಾಗ ಫೋರ್‌ಮನ್ ಪಿಸುಗುಟ್ಟಿದ, "ಹಡಗಿನ ತೇವಕ್ಕೆ ನಂಬರ್ ಹೋಯ್ತು ಅಂತ ಹೇಳು, ಆಯ್ತಾ?"

ಹೇಳಲು ಬಾಯಿ ತೆರೆದೆ. ಆ ಹಳೆಯ ಆಚಾರಿ ತನ್ನ ತಪ್ಪಿನ ಮೇಲೆ ಹತ್ತರಿ ಹೊಡೆದು ನುಣ್ಣಗೆ ಹೆರೆದು ಅಳಿಸಬಹುದಿತ್ತು, ಅಳಿಸಿರಲಿಲ್ಲ. ಹರಕು ಇಂಗ್ಲಿಷಿನಲ್ಲಿ, ಒರೆಸಿದ್ದು ನಾನೇ ಎಂದೆ. ಆ ಕಡಿದ ಗೀಟನ್ನೂ ತೋರಿಸಿದೆ. ಆಕೆ ಮೊಣಕಾಲೂರಿ ಕೂತು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟು, ನಂಬರು ನೀನೇ ಬರಿ ಎಂದರು.

ಕೆಲಸ ಉಳಿಯಿತು! ಖುಷಿಯ ಭರದಲ್ಲಿ, ಅಪ್ಪ ಕಲಿಸಿದ ಹಾಗೆ ಕನ್ನಡದಲ್ಲೇ ೧, ೨, ೩ ಎಂದು ಬರೆದುಬಿಟ್ಟೆ. ಇವರಿಗೆಲ್ಲಿ ಓದಲು ಬರುತ್ತದೆಂದು ಗಾಬರಿಯಾಗಿ ಬಟ್ಟೆ ಎತ್ತಿಕೊಂಡೆ.

"ನೋ, ನೋ!" ಎಂದು ಮೇಡಂ ಬಟ್ಟೆಯನ್ನೇ ಕಿತ್ತುಕೊಂಡರು.