ತೊಟ್ಟಿಲು ದಾಟಿ ಹೋದ ಅಜ್ಜಿ

ಮಗು ನೋಡಲು ಬಂದ ಈರಮ್ಮಜ್ಜಿ ತೊಟ್ಟಿಲ ಕಡೆ ತಿರುಗಿಯೂ ನೋಡದೆ, ಸೀದಾ ಹೋಗಿ ನನ್ನ ಮಗಳ ಮಂಚದ ಮೇಲೆ ಕುಳಿತರು. ಬುಕ್ಕಾಪಟ್ಟಣದ ನಮ್ಮ ಬೀದಿಯಲ್ಲಿ ಐವತ್ತು ವರ್ಷ ಕುರಿ ಸಾಕಿದವರು ಅವರು.

“ನೀನು ಹೆಂಗಿದ್ದೀಯವ್ವಾ?”

ಹೆರಿಗೆಯಾಗಿ ಹದಿನೈದು ದಿನವಾದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬಂದವರೆಲ್ಲ ಮಗುವಿನ ಮೂಗು ಯಾರದೆಂದು ವಾದ ಮಾಡಿ, ಕಾಫಿ ಕುಡಿದು, “ಬಾಣಂತಿ ಅಳಬಾರದು” ಎಂದು ಉಪದೇಶಿಸಿ ಹೋಗಿದ್ದರು. ನಾನಂತೂ ಬಾಣಂತಿಗೆ ನೀರು ಹೆಚ್ಚಾಗಬಾರದೆಂದು ಚೊಂಬನ್ನೇ ಬಚ್ಚಿಟ್ಟ ಮಹಾತಾಯಿ.

ಮಗಳು ಗೋಡೆ ನೋಡುತ್ತಾ, “ಮಗು ಕಂಡ್ರೆ ನಂಗೇನೂ ಅನ್ಸಲ್ಲ ಅಜ್ಜಿ” ಎಂದಳು. ಅಜ್ಜಿ ಎಲೆಯಡಿಕೆ ಜಗಿಯುತ್ತಲೇ ಇದ್ದರು.

“ಈದ ಕುರಿ ಮರೀನ ಹತ್ರ ಸೇರಿಸ್ದಿದ್ರೆ ನಾವು ಬಯ್ಯಲ್ಲ ಕಣವ್ವ. ಮೊದ್ಲು ನೀರು ಕುಡ್ಸಿ ನೆಳ್ಳಾಗೆ ಮಲಗುಸ್ತೀವಿ.” ಆಮೇಲೆ ನನ್ನತ್ತ ತಿರುಗಿ, “ಟೀಚರಮ್ಮ, ನಿಮ್ಮನೇಲಿ ಕುರಿಗಾಗೋಷ್ಟೂ ಆರೈಕೆ ಇಲ್ವಲ್ಲ” ಎಂದರು.

ನಾನು ಹೋಗಿ ಬಚ್ಚಿಟ್ಟಿದ್ದ ಚೊಂಬಿನಲ್ಲಿ ನೀರು ತಂದೆ. ಮಗಳು ಒಂದೇ ಉಸಿರಿಗೆ ಕುಡಿದಳು. ಅಜ್ಜಿ ಮಗುವನ್ನೆತ್ತಿಕೊಂಡು ಜಗುಲಿಗೆ ಹೋದರು; ಮಗಳು ಮೂರು ಗಂಟೆ ನಿದ್ದೆ ಮಾಡಿದಳು.

ಮರುದಿನ ಅವಳನ್ನು ಸಿರಾದಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರೂ ಮೊದಲು ವಿಚಾರಿಸಿದ್ದು ಅವಳ ನಿದ್ದೆಯನ್ನೇ. ಔಷಧಿಯ ಜೊತೆಗೆ ಹಗಲಿಡೀ ಮಗುವನ್ನು ಎತ್ತಿಕೊಳ್ಳುವ ಕೆಲಸವನ್ನು ನನಗೆ ಬರೆದುಕೊಟ್ಟರು. ತಿಂಗಳೆರಡಾಗುವಷ್ಟರಲ್ಲಿ ಮಗಳು ಮಗುವಿನೊಡನೆ ಹರಟತೊಡಗಿದಳು.

ಈಗಲೂ ಯಾರ ಮನೆಗೆ ಮಗು ನೋಡಲು ಹೋದರೂ ನನ್ನ ಕಾಲು ತೊಟ್ಟಿಲ ಕಡೆಗೇ ಓಡುತ್ತದೆ. ಹಿಡಿದು ನಿಲ್ಲಿಸಿ, ಮಂಚದ ಕಡೆ ತಿರುಗಿಸುತ್ತೇನೆ.